ನಾಲ್ಕು ತಂತಿ, ಹನ್ನೆರಡು ನಿಮಿಷ, ನಲವತ್ತು ವರ್ಷ

ಬ್ರಿಟನ್ನಿನ ತಮಾಷೆ ಹಾಡುಗಾರ ಜಾರ್ಜ್ ಫಾರ್ಮ್‌ಬಿ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಕೈಯಲ್ಲಿದ್ದದ್ದು ನಾಲ್ಕು ತಂತಿಯ ಪುಟ್ಟ ವಾದ್ಯ, ಅದರ ಮೇಲೆ ಬೆರಳಿಗೆ ಕೂತಿದ್ದ ಹಿಡಿತಗಳೂ ಕೆಲವೇ. ಕಂಠ ಸಾಧಾರಣದ್ದು. ಆದರೂ 1930ರ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಮನರಂಜಕರು ಅವರೇ. ನಾಯಕನಾಗಿ 20 ಚಿತ್ರ, 200ಕ್ಕೂ ಹೆಚ್ಚು ಹಾಡುಗಳ ಧ್ವನಿಮುದ್ರಣ, 1921ರಿಂದ 1961ರವರೆಗೆ ನಲವತ್ತು ವರ್ಷದ ಬಾಳಿಕೆ. ತಮಾಷೆ ಹಾಡನ್ನು ಹಗುರವಾಗಿ ಕಾಣುವವರು ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಷ್ಟು ಕಡಿಮೆ ಸರಕು ಇಷ್ಟು ದಿನ ಹೇಗೆ ಬಾಳಿತು ಎಂಬುದು ಅದೃಷ್ಟದ ಕತೆಯಲ್ಲ. ಅದರ ಹಿಂದೆ ಕಸುಬು ಇದೆ. ಆ ಕಸುಬನ್ನು ಬಿಚ್ಚಿ ನೋಡಬಹುದು.

ಮೊದಲು ಅವರು ನಿಂತ ವೇದಿಕೆ ಎಂಥದ್ದು ಎಂದು ತಿಳಿಯಬೇಕು. ನಮ್ಮ ಜಾತ್ರೆ, ಗಣೇಶೋತ್ಸವಗಳ ರಸಮಂಜರಿ ನೋಡಿದವರಿಗೆ ಬ್ರಿಟನ್ನಿನ ‘ವೆರೈಟಿ’ ಅಪರಿಚಿತವಲ್ಲ: ಒಂದೇ ಸಂಜೆ ಹಾಡು, ಕುಣಿತ, ಜಾದೂ, ಕಸರತ್ತು, ನಗೆಮಾತು. ವ್ಯತ್ಯಾಸವೆಂದರೆ ಅಲ್ಲಿ ಅದು ವರ್ಷವಿಡೀ ನಡೆಯುವ ಉದ್ಯಮವಾಗಿತ್ತು. ಊರೂರಿಗೆ ಒಂದೆರಡು ಥಿಯೇಟರು, ಬಹಳ ಕಡೆ ರಾತ್ರಿಗೆ ಎರಡು ಆಟ, ಸೋಮವಾರದಿಂದ ಶನಿವಾರದವರೆಗೆ ಒಂದು ಊರು, ಭಾನುವಾರ ರೈಲು ಹತ್ತಿ ಮುಂದಿನ ಊರಿಗೆ. ಎರಡು ಆಟ ಹಿಡಿಸಬೇಕಾದ್ದರಿಂದ ಒಬ್ಬೊಬ್ಬರಿಗೆ ಸಿಗುತ್ತಿದ್ದ ಕಾಲ ಹತ್ತು–ಹನ್ನೆರಡು ನಿಮಿಷ. ಒಬ್ಬರು ಎರಡು ನಿಮಿಷ ಎಳೆದರೆ ಎರಡನೇ ಆಟದ ಜನ ಬೀದಿಯಲ್ಲಿ ನಿಂತಿರಬೇಕಾಗುತ್ತಿತ್ತು. ಹಾಗಾಗಿ ಕಾಲ ಮೀರುವವರನ್ನು ಮ್ಯಾನೇಜರುಗಳು ಸಹಿಸುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆಯ ಪದ್ಧತಿಯೊಂದು ಈ ಲೋಕದ ನಡೆಯನ್ನು ಚೆನ್ನಾಗಿ ತಿಳಿಸುತ್ತದೆ. ಕಲಾವಿದರು ವಾದ್ಯಗೋಷ್ಠಿಯವರಿಗಾಗಿ ತಮ್ಮ ಹಾಡಿನ ಸ್ವರಲಿಪಿ ಪ್ರತಿಗಳನ್ನು ತಂದು ವೇದಿಕೆಯ ಅಂಚಿನಲ್ಲಿ, ದೀಪಗಳ ಹತ್ತಿರ, ಬಂದ ಕ್ರಮದಲ್ಲಿ ಸಾಲಾಗಿ ಇಡುತ್ತಿದ್ದರು. ಆ ಸಾಲಿನ ಪ್ರಕಾರವೇ ತಾಲೀಮು. ಇಬ್ಬರು ಒಂದೇ ಹಾಡು ತಂದಿದ್ದರೆ ಮೊದಲು ಪ್ರತಿ ಇಟ್ಟವರಿಗೆ ಆ ವಾರ ಅದರ ಹಕ್ಕು, ಎರಡನೆಯವರು ಬೇರೆ ಹಾಡು ಹುಡುಕಿಕೊಳ್ಳಬೇಕು. ತಮಾಷೆ ಹಾಡಿನವರಿಗೆ ಇದು ಜೀವನ್ಮರಣದ ಮಾತು. ಪ್ರೇಮಗೀತೆಯನ್ನು ಒಂದೇ ರಾತ್ರಿ ಎರಡು ಸಲ ಕೇಳಬಹುದು, ನಗುವನ್ನು ಎರಡು ಸಲ ಮಾರಲಾಗದು. ಆದ್ದರಿಂದ ಬೇರೆ ಯಾರೂ ಹಾಡಲಾಗದ, ಹಾಡಿದರೂ ಒಪ್ಪದ ಹಾಡೇ ಈ ಕಸುಬಿನ ಬಂಡವಾಳ.

ಫಾರ್ಮ್‌ಬಿ ಶುರು ಮಾಡಿದ್ದು ಸರಿಯಾಗಿ ಇದರ ಉಲ್ಟಾ. 1904ರ ಮೇ 26ರಂದು ಉತ್ತರ ಇಂಗ್ಲೆಂಡಿನ ಲ್ಯಾಂಕಾಷೈರಿನ ವಿಗನ್‌ನಲ್ಲಿ ಹುಟ್ಟಿದ ಅವರ ಹುಟ್ಟುಹೆಸರು ಜಾರ್ಜ್ ಹಾಯ್ ಬೂತ್. ತಂದೆ ಜೇಮ್ಸ್ ಬೂತ್, ‘ಜಾರ್ಜ್ ಫಾರ್ಮ್‌ಬಿ’ ಎಂಬ ವೇದಿಕೆ ಹೆಸರಿನಲ್ಲಿ, ವೆರೈಟಿಯ ಹಿಂದಿನ ರೂಪವಾದ ಮ್ಯೂಸಿಕ್ ಹಾಲ್‌ನ ದೊಡ್ಡ ಹಾಸ್ಯಗಾರ. ಕ್ಷಯದಿಂದ ಬರುತ್ತಿದ್ದ ಕೆಮ್ಮನ್ನೇ ನಗೆಮಾತಾಗಿ ಮಾಡಿಕೊಂಡಿದ್ದ ಮನುಷ್ಯ. ಮಗ ವೇದಿಕೆಗೆ ಬರುವುದು ಅವರಿಗೆ ಬೇಡವಾಗಿತ್ತು. ಏಳನೇ ವಯಸ್ಸಿಗೇ ಹುಡುಗನನ್ನು ಕುದುರೆ ಲಾಯಕ್ಕೆ ಜಾಕಿ ಕೆಲಸ ಕಲಿಯಲು ಕಳಿಸಿದರು. ಶಾಲೆ ಅಲ್ಲಿಗೇ ನಿಂತಿತು. ಅಕ್ಷರದ ಕೊರತೆ ಕೊನೆಯವರೆಗೂ ಉಳಿಯಿತು. 1921ರಲ್ಲಿ ತಂದೆ ತೀರಿಕೊಂಡ ಮೇಲೆ ಹದಿನಾರರ ಮಗ ತಂದೆಯದೇ ಹಾಡು, ತಂದೆಯದೇ ನಗೆಮಾತು ಹಿಡಿದು ಅರ್ಲ್ಸ್‌ಟೌನ್‌ನ ಹಿಪ್ಪೊಡ್ರೋಮ್‌ನಲ್ಲಿ ನಿಂತರು. ಜನ ಮೆಚ್ಚಲಿಲ್ಲ. ಅದರ ಕಾರಣ ಸರಳ. ಮೂಲವನ್ನು ಕಂಡಿದ್ದ ಪ್ರೇಕ್ಷಕರಿಗೆ ನಕಲು ನಕಲಾಗಿಯೇ ಕಾಣುತ್ತದೆ. ನಲವತ್ತರ ಆಸುಪಾಸಿನ ಕಾಯಿಲೆ ಮನುಷ್ಯನ ನಗೆಮಾತು ಹದಿನಾರರ ಹುಡುಗನ ಬಾಯಲ್ಲಿ ಕೂರುವುದೂ ಇಲ್ಲ.

ಮುಂದಿನ ಕೆಲವು ವರ್ಷಗಳಲ್ಲಿ ಎರಡು ಬದಲಾವಣೆ ಆದವು. ಒಂದು, ಕೈಗೆ ಬಂದ ವಾದ್ಯ. ಇನ್ನೊಂದು, 1924ರಲ್ಲಿ ಮದುವೆಯಾದ ಬೆರಿಲ್ ಇಂಗಮ್. ಬೆರಿಲ್ ಮರದ ಪಾದರಕ್ಷೆ ಹಾಕಿ ಕುಣಿಯುವ ಕ್ಲಾಗ್ ನೃತ್ಯದಲ್ಲಿ ಹೆಸರು ಮಾಡಿದ್ದವರು, ಅಕ್ಕತಂಗಿಯರ ಜೋಡಿ ಐಟಂ ನಡೆಸಿ ವೇದಿಕೆಯ ಒಳಹೊರಗು ಬಲ್ಲವರು. ತಂದೆಯ ಹಳೆಯ ವೇಷ, ದೊಗಳೆ ಬಟ್ಟೆ ಬಿಡಿಸಿ ನೀಟಾದ ಸೂಟು ಹಾಕಿಸಿದರು. ಕರಾರು, ಹಣ, ಹಾಡಿನ ಆಯ್ಕೆ ಎಲ್ಲವನ್ನೂ ತಾವೇ ವಹಿಸಿಕೊಂಡರು. ಅವರನ್ನು ಗಟ್ಟಿಗಿತ್ತಿ, ಬಿಗಿಮುಷ್ಟಿಯವಳು ಎಂದು ಬರೆದವರು ಬಹಳ ಜನ. ಗಂಡ ಓದಲಾರದ ಕರಾರುಪತ್ರವನ್ನು ಓದಿ ಬೆಲೆ ಕಟ್ಟಿದ ಆ ಕೈ ಇಲ್ಲದಿದ್ದರೆ ಇಂದು ನಾವು ಫಾರ್ಮ್‌ಬಿ ಹೆಸರು ಕೇಳುತ್ತಿದ್ದೆವೇ ಎಂಬುದು ಅನುಮಾನ.

ಇನ್ನು ವಾದ್ಯದ ವಿಷಯ. ಬಹಳ ಜನ ಅದನ್ನು ಪುಟ್ಟ ಗಿಟಾರಿನಂಥ ಯುಕುಲೆಲೆ ಎನ್ನುತ್ತಾರೆ. ನಿಜವಾಗಿ ಅದು ಬ್ಯಾಂಜೊಲೆಲೆ: ಯುಕುಲೆಲೆಯ ಕುತ್ತಿಗೆ, ಬ್ಯಾಂಜೊವಿನ ಹೊಟ್ಟೆ. ಯುಕುಲೆಲೆಯ ಮರದ ಡಬ್ಬಿಯ ಜಾಗದಲ್ಲಿ ಸುಮಾರು 8 ಇಂಚು ಅಗಲದ ಬಳೆ, ಅದರ ಮೇಲೆ ಬಿಗಿದ ಕರುವಿನ ಚರ್ಮ. 1910ರ ದಶಕದ ಕೊನೆಯಲ್ಲಿ ಬಂದ ಈ ವಾದ್ಯ ವೇದಿಕೆಯಲ್ಲಿ ಗೆದ್ದದ್ದು ಸದ್ದಿನಿಂದ. ಮೈಕ್ ಇಲ್ಲದ ದೊಡ್ಡ ಥಿಯೇಟರಿನಲ್ಲಿ ಮರದ ಯುಕುಲೆಲೆ ಮೂರನೇ ಸಾಲು ದಾಟುವುದಿಲ್ಲ. ಚರ್ಮದ ಹೊಟ್ಟೆಯದು ಬಾಲ್ಕನಿ ಮುಟ್ಟುತ್ತದೆ. ಆದರೆ ಅದರ ನಾದಕ್ಕೆ ಉದ್ದವಿಲ್ಲ, ಟಕ್ಕೆಂದು ಹುಟ್ಟಿ ಅಲ್ಲೇ ಸಾಯುತ್ತದೆ. ಇದೇ ಅದರ ಗುಣ. ನಾದ ಬೇಗ ಸಾಯುವುದರಿಂದ ಎಷ್ಟು ವೇಗವಾಗಿ ಬಾರಿಸಿದರೂ ಏಟುಗಳು ಕಲಸಿಹೋಗುವುದಿಲ್ಲ, ಹಾಡುವವರ ಮಾತನ್ನೂ ನುಂಗುವುದಿಲ್ಲ. ನಗೆಹಾಡಿನಲ್ಲಿ ಒಂದು ಪದ ಕೇಳಿಸದೇ ಹೋದರೆ ಇಡೀ ಪದ್ಯ ವ್ಯರ್ಥ.

ಚರ್ಮದ ಕಾಟವೂ ಅಷ್ಟೇ ಇದೆ. ತೇವದ ಹವೆಯಲ್ಲಿ ಅದು ಸಡಿಲಾಗುತ್ತದೆ. ಆಗ ಚರ್ಮದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆ (ಬ್ರಿಜ್) ಕುಸಿಯುತ್ತದೆ, ಶ್ರುತಿ ಇಳಿಯುತ್ತದೆ, ಸದ್ದು ರಟ್ಟಿನ ಡಬ್ಬಿಯಂತಾಗುತ್ತದೆ. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಕಾಯಿಸಿ ಬಾರಿಸುವುದು ಇದೇ ಕಾರಣಕ್ಕೆ. ವೇದಿಕೆಯ ದೀಪದ ಬಿಸಿಗೆ ಚರ್ಮ ಒಣಗಿದರೆ ಶ್ರುತಿ ಏರುತ್ತದೆ. ಬಿಗಿ ಹೆಚ್ಚಾದರೆ ಹರಿದೂ ಹೋಗುತ್ತದೆ. ಬಿಗಿಯುವಾಗ ಸುತ್ತಲಿನ ತಿರುಪುಗಳನ್ನು ಒಂದರ ಪಕ್ಕ ಒಂದು ತಿರುಗಿಸುತ್ತ ಹೋಗಬಾರದು. ಒಂದನ್ನು ಕಾಲು ಸುತ್ತು ತಿರುಗಿಸಿ ಅದರ ಎದುರಿನದಕ್ಕೆ ಹೋಗಬೇಕು, ಮತ್ತೆ ಅಡ್ಡಕ್ಕೆ. ಇಲ್ಲದಿದ್ದರೆ ಬಳೆ ಒಂದು ಕಡೆ ವಾಲಿ ಅಲ್ಲಿಯೇ ಚರ್ಮ ಸೀಳುತ್ತದೆ. ಸೇತುವೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ಅದು ನಿಂತಿರುತ್ತದೆ. ಕುತ್ತಿಗೆಯ ತುದಿಯ ಪಟ್ಟಿಯಿಂದ ಹನ್ನೆರಡನೇ ಮೆಟ್ಟಿಲಿಗೆ (ಫ್ರೆಟ್) ಎಷ್ಟು ದೂರವೋ ಅಲ್ಲಿಂದ ಸೇತುವೆಗೂ ಸುಮಾರು ಅಷ್ಟೇ ಇರಬೇಕು. ಹನ್ನೆರಡನೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಬರಿಯ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಕೇಳಬೇಕು. ಏರುಶ್ರುತಿ ಬಂದರೆ ಸೇತುವೆಯನ್ನು ಕುತ್ತಿಗೆಯಿಂದ ಚೂರು ದೂರ ಸರಿಸಬೇಕು, ಇಳಿಶ್ರುತಿ ಬಂದರೆ ಹತ್ತಿರ. ಇವತ್ತು ಹೊಸ ಬ್ಯಾಂಜೊಲೆಲೆ ಕೊಂಡವರು ‘ಶ್ರುತಿಯೇ ನಿಲ್ಲುವುದಿಲ್ಲ’ ಎಂದು ದೂರುವಾಗ ಎಷ್ಟೋ ಸಲ ತಪ್ಪು ಇರುವುದು ಈ ಸೇತುವೆಯ ಜಾಗದಲ್ಲಿ.

ನಾಲ್ಕು ತಂತಿಗಳ ಶ್ರುತಿಯಲ್ಲೊಂದು ವಿಚಿತ್ರವಿದೆ, ಫಾರ್ಮ್‌ಬಿಯ ನುಡಿಸಾಣಿಕೆಯೆಲ್ಲ ಅದರ ಮೇಲೇ ನಿಂತಿದೆ. ಗಿಟಾರಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ತಂತಿಗಳ ಸ್ವರ ಮಂದ್ರದಿಂದ ತಾರಕ್ಕೆ ಏರುತ್ತದೆ. ಇಲ್ಲಿ ಹಾಗಲ್ಲ. ಮುಖದ ಕಡೆ ಇರುವ ನಾಲ್ಕನೇ ತಂತಿಯೂ ಎತ್ತರದ ಸ್ವರದ್ದು, ನೆಲದ ಕಡೆಯ ಒಂದನೇ ತಂತಿಯೂ ಎತ್ತರದ್ದು. ತಗ್ಗಿನ ಸ್ವರ ನಡುವೆ. ಅಂದರೆ ಕೈ ಕೆಳಗಿಳಿಯುವಾಗಲೂ ಮೇಲೇರುವಾಗಲೂ ಮೊದಲು ಸಿಗುವುದು ಚುರುಕಾದ ಎತ್ತರದ ಸ್ವರವೇ.

ಇದನ್ನು ಬಳಸಿಕೊಂಡು ಕಟ್ಟಿದ್ದೇ ‘ಸ್ಪ್ಲಿಟ್ ಸ್ಟ್ರೋಕ್’ ಎಂಬ ಏಟು, ಒಡೆದ ಏಟು ಎನ್ನಬಹುದು. ತೋರುಬೆರಳಿನಿಂದ ಮೊದಲು ನಾಲ್ಕೂ ತಂತಿಗಳ ಮೇಲೆ ಕೆಳಮುಖದ ಒಂದು ಪೂರ್ತಿ ಏಟು. ಕೈ ಮೇಲೆ ಹೋಗುವಾಗ ಒಂದನೇ ತಂತಿಯನ್ನು ಮಾತ್ರ ತಾಗಿಸಬೇಕು. ಮತ್ತೆ ಕೆಳಗೆ ಬರುವಾಗ ನಾಲ್ಕನೆಯದನ್ನು ಮಾತ್ರ. ಹೀಗೆ ಮೂರು ಏಟಿನ ಒಂದು ಗುಂಪು. ಆದರೆ ಹಾಡು ನಡೆಯುತ್ತಿರುವುದು ಎಂಟರ ಲೆಕ್ಕದಲ್ಲಿ. ಆ ಎಂಟನ್ನು ಮೂರು, ಮೂರು, ಎರಡು ಎಂದು ಒಡೆಯುತ್ತಾರೆ. ಬಾಯಲ್ಲಿ ‘ತಕಿಟ ತಕಿಟ ತಕ’ ಎನ್ನುತ್ತ ಕಾಲಿನಲ್ಲಿ ಸಮನಾಗಿ ನಾಲ್ಕು ಹಾಕಿ ನೋಡಿ. ಒತ್ತು ಕಾಲಿನ ಹೆಜ್ಜೆಗೆ ಸಿಗದೆ ಜಾರಿ ಮುಂದೆ ಬೀಳುತ್ತದೆ, ಎಂಟಾದ ಮೇಲೆ ಮತ್ತೆ ಬಂದು ಕೂಡಿಕೊಳ್ಳುತ್ತದೆ. ಫಾರ್ಮ್‌ಬಿಯ ಸೋಲೊ ಕೇಳಿದವರು ಇಬ್ಬರು ಬಾರಿಸುತ್ತಿದ್ದಾರೇನೋ ಅಂದುಕೊಳ್ಳುವುದು ಇದರಿಂದಲೇ. ಅಂಚಿನ ಎರಡು ತಂತಿಗಳು ರಾಗ ಹೇಳುತ್ತವೆ, ಪೂರ್ತಿ ಏಟು ತಾಳ ಹಿಡಿಯುತ್ತದೆ. ಎಡಗೈ ಬಹಳ ಹೊತ್ತು ಒಂದೇ ಹಿಡಿತದಲ್ಲಿ ಕೂತಿರುತ್ತದೆ. ಆಟವೆಲ್ಲ ಬಲ ಮಣಿಕಟ್ಟಿನದು.

ಕಲಿಯುವವರು ಎಡವುವುದು ಎರಡು ಕಡೆ. ಮೊದಲನೆಯದು, ಮೊಣಕೈಯಿಂದ ಬಾರಿಸುವುದು. ಹಾಗೆ ಮಾಡಿದರೆ ಬೆರಳು ತಂತಿಗಳನ್ನು ದಾಟಿ ಬಹುದೂರ ಹೋಗುತ್ತದೆ, ವಾಪಸು ಬರುವಷ್ಟರಲ್ಲಿ ಕಾಲ ತಪ್ಪಿರುತ್ತದೆ. ಒದ್ದೆ ಕೈಯನ್ನು ಕೊಡವುವಂತೆ ಮಣಿಕಟ್ಟು ಮಾತ್ರ ತಿರುಗಬೇಕು. ಎರಡನೆಯದು ವೇಗದ ಆತುರ. ಎಂಟರಲ್ಲಿ ಎರಡನೇ ‘ತಕಿಟ’ ಮೇಲ್ಮುಖದ ಏಟಿನಿಂದ ಶುರುವಾಗುತ್ತದೆ, ಏಕೆಂದರೆ ಮೂರು ಬೆಸಸಂಖ್ಯೆ. ನಿಧಾನದಲ್ಲಿ ಅದು ಕೈಗೆ ಹತ್ತದೆ ವೇಗಕ್ಕೆ ಹೋದವರು ಅಲ್ಲಿ ಒಂದು ಏಟು ನುಂಗಿ ಎಂಟನ್ನು ಏಳು ಮಾಡುತ್ತಾರೆ. ಬೆರಳು ತಂತಿ ಮುಟ್ಟುವ ಜಾಗವೂ ಮುಖ್ಯ. ಕುತ್ತಿಗೆ ಚರ್ಮವನ್ನು ಸೇರುವಲ್ಲಿ ಬಾರಿಸಿದರೆ ದುಂಡು ನಾದ, ಸೇತುವೆಯ ಕಡೆಗೆ ಸರಿದರೆ ತಗಡಿನ ಸದ್ದು.

ಈಗ ಆ ಕೆಲವೇ ಹಿಡಿತಗಳ ಸಮಸ್ಯೆಗೆ ಬರೋಣ. ಬೇರೆ ಬೇರೆ ಹಾಡುಗಳಿಗೆ ಬೇರೆ ಬೇರೆ ಶ್ರುತಿ ಬೇಕು. ಎಲ್ಲ ಶ್ರುತಿಯಲ್ಲೂ ನುಡಿಸಲು ಹೊಸ ಹೊಸ ಹಿಡಿತ ಕಲಿಯಬೇಕು, ಅಥವಾ ವಾದ್ಯವನ್ನೇ ಬದಲಿಸಬೇಕು. ಫಾರ್ಮ್‌ಬಿ ಹಿಡಿದದ್ದು ಎರಡನೇ ದಾರಿ. ಬೇರೆ ಬೇರೆ ಶ್ರುತಿಗೆ ಕೂರಿಸಿದ ಹಲವು ಬ್ಯಾಂಜೊಲೆಲೆಗಳನ್ನು ಜೋಡಿಸಿ ಇಟ್ಟುಕೊಂಡು, ಹಾಡಿಗೊಂದು ಎತ್ತಿಕೊಳ್ಳುತ್ತಿದ್ದರು. ಬೆರಳಿನ ಹಿಡಿತ ಅದೇ, ಹೊರಡುವ ಶ್ರುತಿ ಬೇರೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನುಡಿಸುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ವಾದ್ಯದ ತಂತಿಗಳನ್ನು ಆಗಾಗ ಏರಿಸಿ ಇಳಿಸಿದರೆ ಆಗದೇ ಎಂದು ಕೇಳಬಹುದು. ಎರಡು ಹಾಡಿನ ನಡುವೆ ಅಷ್ಟು ಹೊತ್ತಿಲ್ಲ, ಆಗಷ್ಟೇ ತಿರುವಿದ ತಂತಿ ಐದು ನಿಮಿಷ ಜಾರುತ್ತಲೇ ಇರುತ್ತದೆ, ಮೇಲಕ್ಕೆ ಹೆಚ್ಚು ಎಳೆದರೆ ಕಡಿದೇ ಹೋಗುತ್ತದೆ. ಕೊರತೆಯನ್ನು ಮುಚ್ಚಲು ಹುಡುಕಿದ ಈ ಉಪಾಯ ವೇದಿಕೆಯ ಮೇಲೆ ನೋಡಲೂ ಚೆಂದವಿತ್ತು.

ಹಾಡಿನ ಅಳತೆಯನ್ನು ನಿರ್ಧರಿಸಿದ್ದು ಗ್ರಾಮಫೋನು ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಪೀಠಿಕೆ, ಎರಡು–ಮೂರು ಪದ್ಯ, ಪಲ್ಲವಿ, ವಾದ್ಯದ ಸೋಲೊ, ಕೊನೆಗೊಂದು ಪದ್ಯ. ಸೋಲೊವನ್ನು ಕೊನೆಯ ಪದ್ಯಕ್ಕೆ ಮೊದಲು ಇಡುವುದರಲ್ಲಿ ಲೆಕ್ಕವಿದೆ. ಅಷ್ಟು ಹೊತ್ತಿಗೆ ನಕ್ಕು ದಣಿದ ಕಿವಿಗೆ ವಿರಾಮ ಸಿಗುತ್ತದೆ, ಆಮೇಲೆ ಬರುವ ಕೊನೆಯ ಪದ್ಯ ಹೊಸದಾಗಿ ತಾಗುತ್ತದೆ. ವೇದಿಕೆಯಲ್ಲಿ ನಗು ಎಷ್ಟು ಹೊತ್ತು ಇರುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೆ ವಾದ್ಯಗೋಷ್ಠಿಯ ಪ್ರತಿಯಲ್ಲಿ ಪದ್ಯಗಳ ನಡುವೆ ತಾಳದ ಎರಡು ಆವರ್ತದ ಸಣ್ಣ ತುಣುಕೊಂದನ್ನು ಬರೆದಿಡುತ್ತಿದ್ದರು. ಗಾಯಕ ಬಾಯಿ ತೆರೆಯುವವರೆಗೆ ಅದನ್ನೇ ಸುತ್ತಿಸುತ್ತಿರಬೇಕು. ನಗು ಪೂರ್ತಿ ಇಳಿಯಲು ಬಿಟ್ಟರೆ ಸಭೆ ಆರಿಹೋಗುತ್ತದೆ, ಅದು ಮೇಲೇರಿ ಇಳಿಯತೊಡಗಿದ ಕ್ಷಣದಲ್ಲಿ ಮುಂದಿನ ಪದ್ಯ ಎತ್ತಬೇಕು.

ಪದ್ಯಗಳು ಒಂದಕ್ಕೊಂದು ಕತೆಯ ಕೊಂಡಿಯಿಂದ ಕಟ್ಟಿಕೊಂಡಿರುವುದಿಲ್ಲ. ಅವರ ಅತಿ ಪ್ರಸಿದ್ಧ ಹಾಡು 1936ರ ಚಿತ್ರವೊಂದರಲ್ಲಿ ಬಂದ ಕಿಟಕಿ ತೊಳೆಯುವವನ ಹಾಡು. ಏಣಿ ಹತ್ತಿದವನಿಗೆ ಕಿಟಕಿಯ ಒಳಗೆ ಏನೇನು ಕಾಣುತ್ತದೆ ಎಂಬುದೇ ವಸ್ತು, ಒಂದು ಪದ್ಯಕ್ಕೆ ಒಂದು ಕಿಟಕಿ. ಹಾಗಾಗಿ ಯಾವ ಪದ್ಯವನ್ನಾದರೂ ತೆಗೆಯಬಹುದು, ಹೊಸದು ಸೇರಿಸಬಹುದು, ಊರಿಗೆ ತಕ್ಕಂತೆ ಬದಲಿಸಬಹುದು. ಹೊಸ ಕಿಟಕಿಗಳನ್ನು ಸೇರಿಸಿ ಎರಡನೇ ಆವೃತ್ತಿಯನ್ನೂ ತಟ್ಟೆಗೆ ಹಾಡಿದರು. ಈ ಹಾಡುಗಳ ಮುಖ್ಯ ರಚನೆಕಾರರು ಹ್ಯಾರಿ ಗಿಫರ್ಡ್ ಮತ್ತು ಫ್ರೆಡ್ ಕ್ಲಿಫ್. ಅವರ ಜೊತೆ ಫಾರ್ಮ್‌ಬಿಯ ಹೆಸರೂ ರಚನೆಕಾರರಲ್ಲಿ ಅಚ್ಚಾಗುತ್ತಿತ್ತು. ಹಾಡಿಗೆ ಹೆಸರು ತರುವ ಗಾಯಕನಿಗೆ ರಾಯಧನದಲ್ಲಿ ಪಾಲು ಕೊಡುವುದು ಆ ವ್ಯಾಪಾರದ ವಾಡಿಕೆಯಾಗಿತ್ತು.

ದ್ವಂದ್ವಾರ್ಥವನ್ನು ಅವರು ಹೇಳುತ್ತಿದ್ದ ಬಗೆಯೇ ಬೇರೆ. ಪೋಲಿ ಮಾತಿಗೆ ಕಣ್ಣು ಮಿಟುಕಿಸುವವರು ಪೋಲಿಗಳಾಗಿ ಕಾಣುತ್ತಾರೆ. ಫಾರ್ಮ್‌ಬಿ ಹಲ್ಲೆಲ್ಲ ಬಿಟ್ಟು ನಗುತ್ತ, ಲ್ಯಾಂಕಾಷೈರಿನ ಹಳ್ಳಿಗಾಡಿನ ಉಚ್ಚಾರದಲ್ಲಿ, ಹೇಳಿದ್ದರ ಅರ್ಥ ತನಗೇ ತಿಳಿಯದ ಮುಗ್ಧನ ಹಾಗೆ ಹಾಡಿಬಿಡುತ್ತಿದ್ದರು. ಅರ್ಥ ಮಾಡಿಕೊಂಡ ತಪ್ಪು ಕೇಳಿದವರದೇ. ಪ್ರಾಸವೂ ಹಾಗೆಯೇ ದಾರಿ ತಪ್ಪಿಸುತ್ತದೆ. ಸಾಲಿನ ತುದಿಯಲ್ಲಿ ಯಾವ ಪದ ಬರುತ್ತದೆಂದು ಕಿವಿ ಮೊದಲೇ ಊಹಿಸುತ್ತದೆ, ಗಾಯಕ ಪಕ್ಕದ ಸಂಭಾವಿತ ಪದಕ್ಕೆ ಹೊರಳುತ್ತಾನೆ. ಬಿಬಿಸಿ ರೇಡಿಯೊ ಮಾತ್ರ ಈ ಮುಗ್ಧತೆಯನ್ನು ಒಪ್ಪಲಿಲ್ಲ. ಕಿಟಕಿ ಹಾಡನ್ನೂ, ಬ್ಲ್ಯಾಕ್‌ಪೂಲಿನ ಮಿಠಾಯಿ ಕಡ್ಡಿಯ ಮೇಲಿನ ಇನ್ನೊಂದು ಹಾಡನ್ನೂ ಪ್ರಸಾರಕ್ಕೆ ಬಿಡಲಿಲ್ಲ. ಕಿಟಕಿ ಹಾಡಿನ ತಟ್ಟೆ ಒಂದು ಲಕ್ಷ ಪ್ರತಿ ಮಾರಿ 1937ರಲ್ಲಿ ಬೆಳ್ಳಿ ತಟ್ಟೆಯ ಗೌರವ ತಂದಿತು. ಆದರೆ ನಿಷೇಧದಿಂದಲೇ ಗೆದ್ದರು ಎನ್ನುವುದು ಸರಿಯಲ್ಲ. ಅದೇ ವರ್ಷ ನೋಯೆಲ್ ಗೇ ಬರೆದ, ಬೀದಿದೀಪದ ಕಂಬಕ್ಕೆ ಒರಗಿ ಹುಡುಗಿಗಾಗಿ ಕಾಯುವ ಹಾಡಿನಲ್ಲಿ ಪೋಲಿತನದ ಸುಳಿವೇ ಇಲ್ಲ. ಅದೂ ಅಷ್ಟೇ ದಿನ ಬಾಳಿದೆ.

ಈ ಮ್ಯೂಸಿಕ್ ಹಾಲ್ ಹಾಡಿನ ಗಾಳಿ ಕನ್ನಡಕ್ಕೂ ಬೀಸಿದೆ. ಟಿ.ಪಿ. ಕೈಲಾಸಂ ಭೂಗರ್ಭಶಾಸ್ತ್ರ ಓದಲು ಲಂಡನ್ನಿನಲ್ಲಿದ್ದ ವರ್ಷಗಳು ಆ ವೇದಿಕೆಯ ವೈಭವದ ಕಾಲ. 1912ರಲ್ಲಿ ಮೊದಲು ಹಾಡಿದ ಟಿಪ್ಪರೆರಿಯ ನಡಿಗೆ ಹಾಡು ಅವರ ಕೈಯಲ್ಲಿ ‘ತಿಪ್ಪಾರಳ್ಳಿ’ ಆಯಿತು. ಊರಿನ ಹೆಸರಿನ ಅಕ್ಷರಗಳನ್ನು ಬಿಡಿಸಿ ಹಾಡುವ 1928ರ ಕಾನ್‌ಸ್ಟಾಂಟಿನೋಪಲ್ ಹಾಡು ‘ಕೋಳೀಕೆ ರಂಗ’ ಆಯಿತು. ಎರಡನೆಯದರಲ್ಲಿ ಕೈಲಾಸಂ ಮಾಡಿದ್ದನ್ನು ಗಮನಿಸಬೇಕು. ಇಂಗ್ಲಿಷ್ ಅಕ್ಷರಗಳ ಸರಣಿಯ ಜಾಗದಲ್ಲಿ ಕನ್ನಡ ಮಗ್ಗಿಯ ಧಾಟಿಯ ಕಾಗುಣಿತ ಕೂರಿಸಿ, ಸೊನ್ನೆಯನ್ನೂ ಹಾಡಿಸಿಬಿಟ್ಟರು. ಮಟ್ಟು ಅಲ್ಲಿಯದು, ನಗು ಇಲ್ಲಿಯ ಶಾಲೆಯ ಜಗುಲಿಯದು. ಒಳ್ಳೆಯ ತಮಾಷೆ ಹಾಡನ್ನು ಅನುವಾದಿಸಲಾಗದು, ಹೀಗೆ ಮರಳಿ ಕಟ್ಟಬೇಕು.

ಸಿನಿಮಾದ ವಿಷಯ ಚುಟುಕಾಗಿ ಹೇಳಿದರೆ ಸಾಕು. 1934ರ ಮೊದಲ ಮಾತಿನ ಚಿತ್ರ ತೀರಾ ಅಗ್ಗದ್ದು, ಗ್ಯಾರೇಜೊಂದರ ಮೇಲಿನ ಕೋಣೆಯಲ್ಲಿ ತೆಗೆದದ್ದು. ಅದು ಉತ್ತರ ಇಂಗ್ಲೆಂಡಿನಲ್ಲಿ ಓಡಿದ ಮೇಲೆ ನಿರ್ಮಾಪಕ ಬೇಸಿಲ್ ಡೀನ್ ಅವರ ಸಂಸ್ಥೆ ಕರೆಯಿತು. 1935ರಲ್ಲಿ ಐಲ್ ಆಫ್ ಮ್ಯಾನ್ ಮೋಟಾರ್‌ಸೈಕಲ್ ರೇಸಿನ ಚಿತ್ರ ಬಂತು. ಮುಂದಿನವೆಲ್ಲ ಅದೇ ಅಚ್ಚು: ಪೆದ್ದನಂತೆ ಕಾಣುವ ಹುಡುಗ, ಸೊಕ್ಕಿನ ಎದುರಾಳಿ, ಕೊನೆಗೆ ಗೆಲುವು, ನಡುವೆ ಮೂರು–ನಾಲ್ಕು ಹಾಡು. 1941ರಲ್ಲಿ ಕೊಲಂಬಿಯಾ ಕಂಪನಿಗೆ ಹೋದರು. ಅಲ್ಲಿ ಹಣ ಹೆಚ್ಚಿತು, ಚಿತ್ರಗಳ ಗುಣ ಇಳಿಯಿತು. 1946ರದು ಸೋತ ಮೇಲೆ ಮತ್ತೆ ಚಿತ್ರ ಮಾಡಲಿಲ್ಲ.

ಯುದ್ಧಕಾಲದಲ್ಲಿ ಸೈನಿಕರಿಗಾಗಿ ಫ್ರಾನ್ಸ್, ಉತ್ತರ ಆಫ್ರಿಕ, ಇಟಲಿ, ನಾರ್ಮಂಡಿಗಳಲ್ಲಿ ಹಾಡಿದರು. ಒಟ್ಟು 30 ಲಕ್ಷ ಸೈನಿಕರು ಕೇಳಿರಬಹುದೆಂಬುದು ಅಂದಾಜು. ಟ್ರಕ್ಕಿನ ಹಿಂಬದಿಯೇ ವೇದಿಕೆಯಾಗಬೇಕಾದಲ್ಲಿ ಪಿಯಾನೊ, ವಾದ್ಯಗೋಷ್ಠಿ, ಮೈಕ್ ಯಾವುದೂ ಬೇಡದ ಆ ಪುಟ್ಟ ವಾದ್ಯದ ಬೆಲೆ ತಿಳಿಯಿತು. 1946ರಲ್ಲಿ ಬ್ರಿಟಿಷ್ ದೊರೆ ಕೊಡುವ ಓಬಿಇ ಗೌರವ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಕಪ್ಪು ಜನರ ಮುಂದೆಯೂ ಹಾಡಿಯೇ ಹಾಡುತ್ತೇವೆಂದು ಗಂಡಹೆಂಡತಿ ಪಟ್ಟು ಹಿಡಿದರು. ಮುಂದೆ ಪ್ರಧಾನಿಯಾದ ಡೇನಿಯಲ್ ಮಲಾನ್ ದೂರವಾಣಿಯಲ್ಲಿ ಆಕ್ಷೇಪಿಸಿದಾಗ ಅವರನ್ನು ಗದರಿ ಸುಮ್ಮನಾಗಿಸಿದ್ದು ಬೆರಿಲ್.

1951ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ ಸಂಗೀತ ನಾಟಕವೊಂದಕ್ಕೆ ನಾಯಕರಾದರು. ಮರುವರ್ಷ ಹೃದಯಾಘಾತವಾಗಿ ಅದನ್ನು ಬಿಡಬೇಕಾಯಿತು. ಆ ದಶಕದಲ್ಲಿ ವೆರೈಟಿ ಥಿಯೇಟರುಗಳೂ ಒಂದೊಂದಾಗಿ ಮುಚ್ಚತೊಡಗಿದವು. ಟಿವಿ ಬಂದು ಜನ ಮನೆಯಲ್ಲೇ ಕೂತರು ಎಂಬುದು ಕಾರಣದ ಅರ್ಧ ಮಾತ್ರ. ಉಳಿದರ್ಧ ಸರಕಿನದು. ವಾರಕ್ಕೊಂದು ಊರು ಸುತ್ತುವವರಿಗೆ ಹನ್ನೆರಡು ನಿಮಿಷದ ಒಂದು ಐಟಂ ವರ್ಷಗಟ್ಟಲೆ ಸಾಕಾಗುತ್ತಿತ್ತು, ಪ್ರತಿ ಸೋಮವಾರ ಪ್ರೇಕ್ಷಕರು ಹೊಸಬರು. ಟಿವಿಯಲ್ಲಿ ಅದೇ ಹನ್ನೆರಡು ನಿಮಿಷವನ್ನು ಇಡೀ ದೇಶ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸುತ್ತದೆ. ಮುಂದಿನ ವಾರ ಏನು? ಈ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ಒಳ್ಳೆಯ ಕಲಾವಿದರು ಮರೆಯಾದರು. ಹಾಡಿನವರು ಮಾತ್ರ ಸ್ವಲ್ಪ ಹೆಚ್ಚು ಬಾಳಿದರು. ನಗೆಮಾತು ಒಮ್ಮೆ ಕೇಳಿದರೆ ತೀರುತ್ತದೆ, ಮಟ್ಟಿಗೆ ಹಾಕಿದ ನಗೆಯನ್ನು ಜನ ಮತ್ತೆ ಕೇಳುತ್ತಾರೆ, ಜೊತೆಗೆ ಹಾಡುತ್ತಾರೆ.

1960ರ ಡಿಸೆಂಬರ್ 16ರಂದು ಬಿಬಿಸಿ ಟಿವಿ ಅವರಿಗೆ 40 ನಿಮಿಷ ಕೊಟ್ಟಿತು. ಆ ಕಾರ್ಯಕ್ರಮದಲ್ಲಿ ಅವರು ಹಾಡಿದರು, ತಮ್ಮ ಓದುಬರಹದ ಕೊರತೆಯನ್ನು ಮರೆಮಾಚದೆ ಹೇಳಿಕೊಂಡರು. ಅದಾದ ಎಂಟನೇ ದಿನ ಬೆರಿಲ್ ತೀರಿಕೊಂಡರು. 1961ರ ಮಾರ್ಚ್ 6ರಂದು ಫಾರ್ಮ್‌ಬಿ ಹೋದರು, ವಾರಿಂಗ್ಟನ್ನಿನ ಸ್ಮಶಾನಕ್ಕೆ ಹೋಗುವ ದಾರಿಯ ಎರಡೂ ಬದಿ ಲಕ್ಷಕ್ಕೂ ಹೆಚ್ಚು ಜನ ನಿಂತಿದ್ದರು.

ಅದೇ ವರ್ಷ ಶುರುವಾದ ಜಾರ್ಜ್ ಫಾರ್ಮ್‌ಬಿ ಸೊಸೈಟಿಯ ಸದಸ್ಯರು ಬ್ಲ್ಯಾಕ್‌ಪೂಲಿನಲ್ಲಿ ಸೇರಿ, ಹತ್ತಾರು ಬ್ಯಾಂಜೊಲೆಲೆಗಳನ್ನು ಒಟ್ಟಿಗೆ ಬಾರಿಸುತ್ತ ಆ ಒಡೆದ ಏಟನ್ನು ಉಳಿಸಿಕೊಂಡು ಬಂದಿದ್ದಾರೆ. 1991ರಲ್ಲಿ ಆ ಸಭೆಗೆ ತಮ್ಮ ವಾದ್ಯ ಹಿಡಿದು ಬಂದವರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಒಬ್ಬರು. ನಾಲ್ಕು ವರ್ಷದ ನಂತರ ಬೀಟಲ್ಸ್ ಹೆಸರಿನಲ್ಲಿ ಹೊರಬಂದ ಹಾಡಿನ ತುದಿಯಲ್ಲಿ ಚುಟುಕಾಗಿ ಯುಕುಲೆಲೆ ಕೇಳುತ್ತದೆ. ಅದರ ಜೊತೆಗೆ ತಿರುಗುಮುರುಗಾಗಿ ಓಡಿಸಿದ ಜಾನ್ ಲೆನನ್ ಅವರ ದನಿ. ಅದನ್ನು ಸರಿಯಾಗಿ ತಿರುಗಿಸಿ ಕೇಳಿದರೆ, ಫಾರ್ಮ್‌ಬಿ ವೇದಿಕೆಯ ಮೇಲೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತು: ಮತ್ತೆ ಹವೆ ಚೆನ್ನಾಗಿ ಆಯಿತಲ್ಲ.